ಬಿ.ಎಸ್ಸಿ. ಓದುತ್ತಿದ್ದ ಮೈಲಪ್ಪ

“ಬಾಯಿ ಮುಚ್ಕೊಂಡು ಕುಂತ್ಕಳ್ರಲೇ ಸೂಳೆಮಕ್ಕಳಾ. ನಿಮ್ಮನ್ನೇನು ಓದ್ಸಾಕೆ ಕರ್ದಿಲ್ಲ, ತಲೆ ಎಣಿಸಾಕೆ ಕರ್ದಿರದು.”

ಕಾಲೇಜಿನ ಗುಮಾಸ್ತ ಬಕ್ಕೇಶಪ್ಪ ಹೀಗೆ ಬೈಯುತ್ತಲೇ ಹನ್ನೆರಡು ಮಂದಿ ಗಾರೆ ಕೂಲಿಗಳನ್ನು ಹಿಂದಿನ ಬೆಂಚುಗಳಲ್ಲಿ ಕೂರಿಸಿದ. ಎಲ್ಲರ ಮೈಮೇಲೂ ಅಗಸರ ಮನೆಯಿಂದ ಎರವಲು ತಂದ ಬಿಳಿ ಅಂಗಿ. ಕೆಲವರಿಗೆ ಅದು ಮೊಣಕಾಲು ಮುಟ್ಟುತ್ತಿತ್ತು.

ಅದು ಅರವತ್ತನಾಲ್ಕನೇ ಇಸವಿ. ದಾವಣಗೆರೆಯ ಆ ಕಾಲೇಜಿಗೆ ಬಿ.ಎಸ್ಸಿ. ತರಗತಿ ಬೇಕಾಗಿತ್ತು. ಎಪ್ಪತ್ತು ವಿದ್ಯಾರ್ಥಿಗಳಿರಬೇಕು, ಎಪ್ಪತ್ತೂ ಜನರಿಗೆ ಅಪಘಾತದ ವಿಮೆ ಮಾಡಿಸಿರಬೇಕು ಎಂದು ಯೂನಿವರ್ಸಿಟಿ ಪಟ್ಟು ಹಿಡಿದಿತ್ತು. ಸೇರಿದ್ದವರು ಐವತ್ತೆಂಟೇ ಜನ. ಆಡಳಿತ ಮಂಡಳಿ ಸಭೆ ಸೇರಿ ತಲೆ ಕೆಡಿಸಿಕೊಂಡಿತು. ಕಿಟಕಿಯಾಚೆ ಹೊಸ ಮಹಡಿಗೆ ಇಟ್ಟಿಗೆ ಹೊರುತ್ತಿದ್ದ ಹನ್ನೆರಡು ಜನ ಕಂಡರು. ದೊಡ್ಡವರಿಗೆ ನಮ್ಮಂಥ ಕೂಲಿಯವರ ವಿದ್ಯೆಯ ಚಿಂತೆ ಹತ್ತಿದ್ದು ಅವತ್ತೊಂದೇ ದಿನ.

ಆ ಹನ್ನೆರಡರಲ್ಲಿ ಹರಿಹರದ ಹತ್ತಿರದ ಸಾರಥಿ ಎಂಬ ಊರಿನ ಹೊಲಗೇರಿಯ ಗುತ್ತೆಪ್ಪನೂ ಒಬ್ಬ. ಹರಿಹರದಲ್ಲಿ ಓದಿ ಎಸ್ಸೆಸ್ಸೆಲ್ಸಿ ಪಾಸಾದವನು. ಹಿಂದಿನ ವರ್ಷ ಇದೇ ಕಾಲೇಜಿಗೆ ಪಿ.ಯು.ಸಿ. ಅರ್ಜಿ ಹಿಡಿದು ಬಂದಾಗ, ಸೀಟು ತುಂಬಿವೆ ಎಂದು ಬಕ್ಕೇಶಪ್ಪನೇ ಬಾಗಿಲಲ್ಲಿ ತಡೆದು ಕಳಿಸಿದ್ದ. ಪಕ್ಕದಲ್ಲಿ ಕುಳಿತ ಮೈಲಪ್ಪ ಅದೇ ಕೇರಿಯವನು, ಹೆಬ್ಬೆಟ್ಟಿನವನು. ಇಬ್ಬರೂ ಬೆಳಗಿನ ರೈಲಿಗೆ ಹರಿಹರದಿಂದ ಕೂಲಿಗೆ ಬರುತ್ತಿದ್ದರು.

ಯೂನಿವರ್ಸಿಟಿಯ ಮೂವರು ಬಂದರು, ತಲೆ ಎಣಿಸಿದರು. ಒಬ್ಬರು ಮೈಲಪ್ಪನಿಗೆ ಯಾವ ವಿಷಯ ಇಷ್ಟ ಎಂದು ಇಂಗ್ಲಿಷಿನಲ್ಲಿ ಕೇಳಿದಾಗ ಅವನು ಹಲ್ಲು ಕಿರಿದ. ಹುಡುಗ ಬಹಳ ನಾಚಿಕೆಯವನು ಎಂದು ಆಡಳಿತ ಮಂಡಳಿಯ ಅಧ್ಯಕ್ಷರು ತಾವೇ ನಗುತ್ತ, ಎಪ್ಪತ್ತು ಹೆಸರಿನ ವಿಮೆ ಪಟ್ಟಿಗೆ ಅವರ ಎದುರೇ ಸಹಿ ಹಾಕಿದರು.

ಕಾರು ಗೇಟು ದಾಟುವುದೇ ತಡ, ಅಂಗಿಗಳನ್ನು ಬಿಚ್ಚಿಸಿದರು. ಗಾರೆ ಕಲಸುತ್ತಿದ್ದ ದ್ಯಾಮವ್ವನನ್ನು ಕರೆದ ಬಕ್ಕೇಶಪ್ಪ, ಹಿಂದಿನ ಬೆಂಚುಗಳನ್ನು ಎರಡು ಸಲ ತೊಳೆಯಲು ಹೇಳಿದ. ಅಲ್ಲಿ ಕುಳಿತಿದ್ದವರಲ್ಲಿ ಅವಳ ಗಂಡ ಮೈಲಪ್ಪನೂ ಒಬ್ಬ. ತೊಳೆದಳು, ಸಂಜೆಯ ಕೂಲಿ ಬಕ್ಕೇಶಪ್ಪನ ಕೈಯಲ್ಲೇ ಇತ್ತು.

ಬಿ.ಎಸ್ಸಿ. ಮಂಜೂರಾಯಿತು. ತಿಂಗಳು ತುಂಬುವ ಮೊದಲೇ, ಅದೇ ಮಹಡಿಗೆ ಕಟ್ಟಿದ್ದ ಸಾರುವೆಯ ಬಿದಿರು ಮುರಿದು ಮೈಲಪ್ಪ ಕೆಳಗೆ ಬಿದ್ದ. ತೊಡೆಯ ಮೂಳೆ ಚರ್ಮ ಹರಿದು ಹೊರಗೆ ಬಂದಿತ್ತು. ದೊಡ್ಡ ಊರಿನ ಆಸ್ಪತ್ರೆಗೆ ಬೇಗ ಒಯ್ಯದಿದ್ದರೆ ಕಾಲು ಕತ್ತರಿಸಬೇಕಾಗುತ್ತದೆ ಎಂದರು ಸರ್ಕಾರಿ ಆಸ್ಪತ್ರೆಯ ಡಾಕ್ಟರು. ಕುಡಿದು ಹತ್ತಿದ್ದ ಎಂದು ಕಂಟ್ರಾಕ್ಟರ್ ಕೈ ತೊಳೆದುಕೊಂಡ. ಮೈಲಪ್ಪ ಕುಡಿಯುತ್ತಿರಲಿಲ್ಲ.

ಗುತ್ತೆಪ್ಪನಿಗೆ ಆ ಪಟ್ಟಿ ನೆನಪಾಯಿತು. ವಿಮೆಯ ಫಾರಂ ತಂದು ತಾನೇ ತುಂಬಿ, ದ್ಯಾಮವ್ವನನ್ನು ಕರೆದುಕೊಂಡು ಆಡಳಿತ ಮಂಡಳಿಯ ಸಭೆಗೆ ಹೋದ. ಬೇಕಾಗಿದ್ದದ್ದು ಈತ ನಮ್ಮ ವಿದ್ಯಾರ್ಥಿ ಎಂಬ ಒಂದು ಸಹಿ.

“ಇಟ್ಟಿಗಿ ಹೊರೋ ಸೂಳೆಮಗ ವಿದ್ಯಾರ್ಥಿ ಹೆಂಗಾಗ್ತಾನಲೇ?” ಎಂದರು ಅಧ್ಯಕ್ಷರು.

“ನಿಮ್ ಪಟ್ಟೀಲಿ ಅರವತ್ಮೂರನೇ ಹೆಸ್ರು ಅವಂದೇ ಐತ್ರಿ ಧಣಿ, ಅರವತ್ನಾಕು ನಂದು. ಅಲ್ಲ ಅನ್ನಂಗಿದ್ರೆ ಅದನ್ನೇ ಬರ್ದು ಕೊಡ್ರಿ. ಯೂನಿವರ್ಸಿಟಿಗೆ ಕಳಿಸ್ತೀವಿ.”

ಮಂಡಳಿಯ ವಕೀಲ ಸದಸ್ಯರೊಬ್ಬರು ದಾರಿ ಹುಡುಕಿದರು. ಮೊದಲ ದಿನದಿಂದ ತರಗತಿಗೆ ಬಾರದವನ ಹೆಸರನ್ನು ಹಾಜರಾತಿ ಕೊರತೆಯೆಂದು ತೆಗೆದುಹಾಕಲು ಮಂಡಳಿಗೆ ಅಧಿಕಾರವಿದೆ, ಹಿಂದಿನ ತಾರೀಖಿನಿಂದಲೇ ತೆಗೆಯಬಹುದು ಎಂದರು. ಬಕ್ಕೇಶಪ್ಪ ಬರೆದುಕೊಂಡ. ಅಧ್ಯಕ್ಷರ ಮುಖ ಅರಳಿತು.

“ನಾಳೆ ಹತ್ತು ಗಂಟಿಗೆ ನಿನ್ ಗಂಡನ್ನ ಕ್ಲಾಸಿಗೆ ಬರಾಕ್ಹೇಳಬೇ, ಸಹಿ ಹಾಕ್ತೀನಿ,” ಎಂದು ದ್ಯಾಮವ್ವನ ಕಡೆ ತಿರುಗಿ ನಕ್ಕರು. ಸಭೆಯೂ ನಕ್ಕಿತು. ದ್ಯಾಮವ್ವ ನೆಟ್ಟಗೆ ಆಸ್ಪತ್ರೆಗೆ ನಡೆದಳು.

ಮರುದಿನ ಸರ್ಕಾರಿ ಆಸ್ಪತ್ರೆಯಿಂದ ಹಗ್ಗದ ಮಂಚವೊಂದು ಹೊರಟಿತು. ಹೊತ್ತವರು ಹನ್ನೊಂದು ಜನ ಕೂಲಿಗಳು, ಸರದಿಯ ಮೇಲೆ ಹೆಗಲು ಬದಲಿಸುತ್ತ. ಕುಲುಕಿದಾಗಲೆಲ್ಲ ಮೈಲಪ್ಪ ಚೀರುತ್ತಿದ್ದ, ಚೀರಿದಾಗಲೆಲ್ಲ ದ್ಯಾಮವ್ವ ಅವನ ಬಾಯಿಗೆ ಸೆರಗು ಒತ್ತುತ್ತಿದ್ದಳು. ಪಿ.ಜೆ. ಬಡಾವಣೆಯ ಹೋಟೆಲುಗಳಲ್ಲಿ ಕುಳಿತವರು ಎದ್ದು ಬಂದು ನೋಡಿದರು. ಹತ್ತಕ್ಕೆ ಇನ್ನೂ ಐದು ನಿಮಿಷವಿತ್ತು.

ತರಗತಿಯ ಬಾಗಿಲಿಗೆ ಬಕ್ಕೇಶಪ್ಪ ಅಡ್ಡ ನಿಂತ.

“ಸರಿಯೋ ಅತ್ಲಾಗೆ, ಹಾಟ್ಗಳ್ಳ,” ಎಂದಳು ದ್ಯಾಮವ್ವ. “ನನ್ ಗಂಡ ಓದಾಕೆ ಬಂದಾನೆ.”

ಮಂಚದ ಕಾಲು ಎದೆಗೆ ತಾಗುವುದರಲ್ಲಿತ್ತು, ಅವನು ಸರಿದ. ಮಂಚವನ್ನು ಕರಿಹಲಗೆಯ ಮುಂದೆ ಇಳಿಸಿದರು. ಎಳೆಯ ಮೇಷ್ಟ್ರು ಹಾಜರಿ ತೆಗೆದುಕೊಳ್ಳುತ್ತ ಬಂದು ಅರವತ್ತಮೂರಕ್ಕೆ ನಿಂತರು. ಅಷ್ಟರಲ್ಲಿ ಅಧ್ಯಕ್ಷರು ಬಾಗಿಲಿಗೆ ಬಂದಿದ್ದರು.

“ಅರವತ್ಮೂರು,” ಎಂದರು ಮೇಷ್ಟ್ರು, ತಲೆ ಎತ್ತದೆ.

“ಇದೀನ್ರಿ,” ಎಂದ ಮೈಲಪ್ಪ.

ಪುಸ್ತಕ ಮುಚ್ಚಿ ಎಂದು ಅಧ್ಯಕ್ಷರು ಗದರಿದರು. ಮೇಷ್ಟ್ರು ಮುಚ್ಚಿದರು. ಗುರುತು ಹಾಕಿದರೋ ಇಲ್ಲವೋ ಯಾರಿಗೂ ಕಾಣಲಿಲ್ಲ.

ಗುತ್ತೆಪ್ಪ ಹೋಗಿ ಮುಂದಿನ ಬೆಂಚಿನಲ್ಲಿ ಕುಳಿತ. ಅಲ್ಲಿದ್ದ ಹುಡುಗರು ಸರಿದು ಜಾಗ ಬಿಟ್ಟರು.

“ಅರವತ್ನಾಕು,” ಎಂದು ತಾನೇ ಕೂಗಿ, ತಾನೇ “ಹಾಜರ್” ಅಂದ.