ವಿಮಾನದವನು ಕುಡಿದ ನೀರು

ಪಾಲಾಕ್ಷ ನೀಡಿದ ಚೊಂಬನ್ನು ಕರಿಯಕ್ಕ ಮೊಣಕೈಯಿಂದ ಆಚೆ ತಳ್ಳಿದಳು. ನೀರು ತುಳುಕಿ ಹೆಣದ ಕಾಲ ಬಳಿ ಬಿತ್ತು. ತಮಟೆಯವರು ಬಡಿಯುವುದನ್ನು ನಿಲ್ಲಿಸಿದರು.

"ಸೀರೆ ತಂದೀನಿ, ಹೊದಿಸೀನಿ. ನೀರು ಮಾತ್ರ ಬಿಡಲ್ಲ," ಎಂದಳು.

ಚಟ್ಟದ ಮೇಲೆ ಮಲಗಿದ್ದ ಹುಚ್ಚಕ್ಕ, ಪಾಲಾಕ್ಷನ ತಾಯಿ, ಕರಿಯಕ್ಕನ ಒಡಹುಟ್ಟಿದ ಅಕ್ಕ. ಅಣ್ಣತಮ್ಮಂದಿರಿಲ್ಲದ ಮನೆ; ತವರು ಅಂತ ಉಳಿದವಳು ಈ ಕರಿಯಕ್ಕ ಒಬ್ಬಳೇ. ಕೊಂಡ್ಲಹಳ್ಳಿಯಿಂದ ಮೊದಲ ಬಸ್ಸಿಗೇ ಬಂದು, ಏಳು ವರ್ಷ ತುಳಿಯದ ಹೊಸಿಲನ್ನು ತುಳಿದಿದ್ದಳು. ಆದರೆ ಕಣ್ಣಲ್ಲಿ ಒಂದು ಹನಿ ಇರಲಿಲ್ಲ.

"ತವರಿನೋರು ಬಾಯಿಗೆ ನೀರು ಬಿಡದೆ ಹೆಣ ಎತ್ತಂಗಿಲ್ಲ ಕಣವ್ವ," ಎಂದ ಊರ ಹಿರಿಯ ದೊಡ್ಡಪಾಲಯ್ಯ. "ಹೊತ್ತು ನೆತ್ತಿಗೆ ಬಂತು."

"ಹಂಗಾದ್ರೆ ಎತ್ತಬ್ಯಾಡ್ರಿ. ನನ್ನ ಗಂಡ ನೀರು ನೀರು ಅಂತ ಬಡ್ಕಂಡು ಸತ್ತ. ಇವಳೂ ಹಂಗೇ ಹೋಗ್ಲಿ."

ಅವಳದು ತಪ್ಪು ಎನ್ನುವ ಬಾಯಿ ಅಲ್ಲಿ ಒಂದೂ ಇರಲಿಲ್ಲ. ಮನೆಗೆ ಬಂದವರಿಗೆ ನೀರು ಕೊಡದ ಹೆಂಗಸು ಅಂತಲೇ ಹುಚ್ಚಕ್ಕ ಹೆಸರಾಗಿದ್ದಳು. ಬಿಸಿಲಲ್ಲಿ ಬೆಂದು ಬಂದವರಿಗೂ ಗುಡಾಣದ ಕಡೆ ಕೈ ತೋರಿಸಿ, "ನೀವೇ ತಗಂಡು ಕುಡೀರಿ" ಎನ್ನುತ್ತಿದ್ದಳು. ಮುದ್ದೆ ಬಡಿಸುವ ಕೈ ಧಾರಾಳ. ಚೊಂಬು ಮಾತ್ರ ಆ ಕೈಗೆ ಬರುತ್ತಿರಲಿಲ್ಲ. ಸೊಕ್ಕು ಎಂದರು ಕೆಲವರು. ಎರಡೆಕರೆ ಹೊಲ, ಹತ್ತು ಕುರಿಗೆ ಅದೆಂಥ ಸೊಕ್ಕೋ!

*

ಏಳು ವರ್ಷದ ಹಿಂದೆ, ಶೇಂಗಾ ಕೀಳುವ ಕಾಲ. ಅಕ್ಕನ ಹೊಲದ ಕೆಲಸಕ್ಕೆ ಕರಿಯಕ್ಕನ ಜೊತೆ ಬಂದಿದ್ದ ಅವಳ ಗಂಡ ಪೆದ್ದಣ್ಣ, ಮಗುಚಿದ ಟ್ರ್ಯಾಲಿಯ ಅಡಿಗೆ ಸಿಕ್ಕ. ಹೊಟ್ಟೆಗೆ ಪೆಟ್ಟು. ಈಚೆಗೆಳೆದು ಬೇವಿನ ನೆರಳಲ್ಲಿ ಮಲಗಿಸಿದರು. ಚಳ್ಳಕೆರೆಗೆ ಒಯ್ಯಲು ಜೀಪು ತರಲು ಒಬ್ಬ ಓಡಿದ.

"ಅಕ್ಕಾ, ನೀರು," ಎಂದ ಪೆದ್ದಣ್ಣ.

ಹುಚ್ಚಕ್ಕನ ಸೊಂಟದಲ್ಲಿ ತುಂಬಿದ ಕೊಡವಿತ್ತು. ಕರಿಯಕ್ಕ ಕೈ ಚಾಚಿದಳು. ಹುಚ್ಚಕ್ಕ ಹಿಂದೆ ಸರಿದವಳೇ ಕೊಡವನ್ನು ನೆಲಕ್ಕೆ ಬೋರಲು ಹಾಕಿಬಿಟ್ಟಳು. ಕೆಂಪು ಮಣ್ಣು ಅಷ್ಟನ್ನೂ ಕುಡಿಯಿತು. ಜೀಪು ಬರುವ ಮೊದಲೇ ಪೆದ್ದಣ್ಣ ಹೋಗಿದ್ದ.

*

ಗೋಡೆಗೆ ಒರಗಿ ಕೂತಿದ್ದ ಹುಚ್ಚಕ್ಕನ ಗಂಡ ಜಂಪಣ್ಣ ಕೋಲೂರಿ ಎದ್ದ.

"ಕರಿಯಕ್ಕ, ಬದುಕಿರೋ ತನಕ ಹೇಳಬ್ಯಾಡ ಅಂತ ಆಣೆ ಹಾಕಿದ್ಲು. ಈಗ ಅವಳೇ ಇಲ್ಲ. ವಿಮಾನ ಬಿದ್ದಿದ್ದು ಜ್ಞಾಪಕ ಐತಾ?"

ಯಾರು ಮರೆತಾರು? ಅದರ ತಗಡು ಊರಿನ ಒಂದೆರಡು ಕುರಿಹಟ್ಟಿಗೆ ಇವತ್ತಿಗೂ ಬಾಗಿಲು.

*

ತೊಂಬತ್ತೆರಡರ ಮಳೆಗಾಲ. ಹುಚ್ಚಕ್ಕ ವರವು ಕಾವಲಿನ ಹುಲ್ಲು ಬಯಲ ಅಂಚಿನಲ್ಲಿ ಕುರಿ ಮೇಯಿಸುತ್ತಿದ್ದಳು. ಸಾಮಾನು ಹೊರುವ ಹಳೇ ವಿಮಾನ, ರೆಕ್ಕೆಗೊಂದು ಪಂಖದ್ದು, ತೀರಾ ಕೆಳಗೆ ಬಂತು. ಒಂದು ಪಂಖ ನಿಂತೇಹೋಗಿತ್ತು, ಇನ್ನೊಂದು ಅರಚುತ್ತಿತ್ತು. ಹುಲ್ಲಿಗೆ ಹೊಟ್ಟೆ ಉಜ್ಜುತ್ತ ಹೋಗಿ ಕಲ್ಲುಗುಡ್ಡೆಗೆ ಬಡಿದು ಎರಡು ತುಂಡಾಯಿತು. ಕುರಿಗಳು ದಿಕ್ಕಾಪಾಲಾದವು. ಹುಚ್ಚಕ್ಕ ಕುರಿಗಳನ್ನು ಬಿಟ್ಟು ವಿಮಾನದ ಕಡೆ ಓಡಿದಳು.

ಒಬ್ಬ ಆಚೆ ಬಿದ್ದಿದ್ದ. ಇನ್ನೂ ಚಿಗುರು ಮೀಸೆ. "ಪಾನಿ," ಎಂದ. ಚಳ್ಳಕೆರೆ ಸಂತೆಯಲ್ಲಿ ಕೇಳಿದ್ದ ಮಾತು, ಅವಳಿಗೆ ತಿಳಿಯಿತು. ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸೋರೆಬುರುಡೆಯ ನೀರನ್ನೆಲ್ಲ ಕುಡಿಸಿದಳು. ಅವನು ಅವಳ ಮುಂಗೈ ಹಿಡಿದುಕೊಂಡ. ಹಿಡಿದ ಹಾಗೇ ಪ್ರಾಣ ಬಿಟ್ಟ.

ಸಂಜೆ ಬಂದ ಅಧಿಕಾರಿಯೊಬ್ಬ ಹೆಣದ ಒದ್ದೆ ಅಂಗಿ ನೋಡಿ ರೇಗಿದ. "ಹೊಟ್ಟೆಗೆ ಪೆಟ್ಟಾದವನಿಗೆ ನೀರು ಕುಡಿಸಿದ್ದು ಯಾರು? ಕುಡಿಸದೆ ಇದ್ದಿದ್ರೆ ಉಳೀತಿದ್ದ."

ಗುಂಪಿನ ಹಿಂದೆ ನಿಂತಿದ್ದ ಹುಚ್ಚಕ್ಕ ಬುರುಡೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

*

"ಅವತ್ತಿಂದ ಆ ಕೈ ಯಾರಿಗೂ ನೀರು ಕೊಡ್ಲಿಲ್ಲ," ಎಂದ ಜಂಪಣ್ಣ. "ಪೆದ್ದಣ್ಣ ಉಳೀಲಿ ಅಂತಲೇ ಕೊಡ ಚೆಲ್ಲಿದ್ಲು. ಕುಡಿದೋನೂ ಉಳೀಲಿಲ್ಲ, ಕುಡೀದೇ ಇದ್ದೋನೂ ಉಳೀಲಿಲ್ಲ."

"ನನಗೊಂದು ಮಾತು ಹೇಳಿದ್ರೆ ಏನಾಗ್ತಿತ್ತು ಬಾವ?"

"ಕೊಲೆ ಮಾಡೀನಿ ಅಂದ್ಕಂಡಿದ್ಲು ಕಣವ್ವ. ಪೊಲೀಸ್ನೋರು ಎಳ್ಕಂಡು ಹೋಗ್ತಾರೆ ಅನ್ನೋ ಭಯ. ಪೆದ್ದಣ್ಣ ಹೋದ ಮ್ಯಾಲೆ ನಿನ್ನ ಮುಖ ನೋಡಾಕೂ ಹೆದರಿದ್ಲು."

ಏಳು ವರ್ಷ ಜೋಪಾನ ಮಾಡಿದ ಸಿಟ್ಟನ್ನು ಇನ್ನು ಯಾರ ಮೇಲೆ ಹಾಕುವುದೋ ತಿಳಿಯದೆ ಕರಿಯಕ್ಕನಿಗೆ ಸಂಕಟವಾಯಿತು. ಪಾಲಾಕ್ಷನ ಕೈಯಿಂದ ಚೊಂಬು ಕಿತ್ತುಕೊಂಡು ಚಟ್ಟದ ಪಕ್ಕ ಕುಸಿದಳು.

"ಕುಡಿಯಕ್ಕ," ಎಂದು ತುಟಿಗೆ ನೀರು ಬಿಟ್ಟಳು. ಒಳಗೆ ಹೋಗಲಿಲ್ಲ. ಕಟಬಾಯಿಂದ ಹೊರಗೆ ಹರಿಯಿತು. ಅವಳು ನಿಲ್ಲಿಸಲಿಲ್ಲ. "ಕುಡಿಯೇ."

"ಸಾಕು ಬಿಡು ಚಿಕ್ಕವ್ವ," ಎಂದ ಪಾಲಾಕ್ಷ.

ಕರಿಯಕ್ಕನಿಗೆ ಕೇಳಿಸಲಿಲ್ಲ. ಒಂದು ಕೈಯಲ್ಲಿ ನೀರು ಬಿಡುತ್ತಲೇ ಇದ್ದಳು. ಒಂದು ಹನಿಯೂ ನೆಲಕ್ಕೆ ಬೀಳದ ಹಾಗೆ, ಇನ್ನೊಂದು ಕೈಯನ್ನು ಅಕ್ಕನ ಗದ್ದದ ಕೆಳಗೆ ಒಡ್ಡಿ ಹಿಡಿದಿದ್ದಳು.