ಏರಿನಲ್ಲಿ ಉಸಿರು ಕಟ್ಟುವ ಗಾಡಿ

ಈಗ ಹೇಳಿಬಿಟ್ಟರೆ ಏನಾದೀತು? ಅಣ್ಣನಂತೂ ಎದ್ದು ಬಂದು ಬೈಯುವುದಿಲ್ಲ. ಬೈಯುವ ಹಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಅತ್ತಿಗೆ? ಅತ್ತಿಗೆಯೂ ಏನೂ ಅನ್ನಲಿಕ್ಕಿಲ್ಲ, ಸುಮ್ಮನೆ ನೋಡಿಯಾಳು. ಆ ನೋಟವನ್ನು ಉಳಿದ ಆಯುಷ್ಯವೆಲ್ಲ ಹೊತ್ತು ತಿರುಗಬೇಕು. ಹೇಳದಿದ್ದರೆ? ಹೇಳದೆ ಮೂರು ತಿಂಗಳು ಕಳೆದಾಗಿದೆ. ಹೀಗೇ ಇನ್ನು ಮೂವತ್ತು ವರ್ಷ ಕಳೆಯುವುದೇನು ಕಷ್ಟ?

ಹೀಗೆಲ್ಲ ಅಂದುಕೊಳ್ಳುತ್ತ ಚಿಕ್ಕ ಮೇಸ್ತ್ರಿ ಪಿಕಪ್ಪಿನ ಹಿಂಭಾಗಕ್ಕೆ ಇನ್ನೊಂದು ಬಕೆಟ್ ನೀರು ಹೊಯ್ದು ಪೊರಕೆಯಿಂದ ಉಜ್ಜಿದ. ಗಾಡಿ ಗ್ಯಾರೇಜಿನ ಮುಂದೆ ನಿಂತಿತ್ತು. ಗ್ಯಾರೇಜಿನ ಹಿಂದಿನ ಎರಡು ಕೋಣೆಗಳೇ ಅಣ್ಣನ ಮನೆ. ಬೆಳಗ್ಗೆ ಹಲ್ಲುಜ್ಜುತ್ತ ಕುಸಿದವನನ್ನು ಈಗ ಅದರ ಮುಂದಿನ ಕೋಣೆಯಲ್ಲಿ ಮಲಗಿಸಿದ್ದರು. ಮಧ್ಯಾಹ್ನದೊಳಗೆ ಎತ್ತಬೇಕು. ಸ್ಮಶಾನ ಗುಡ್ಡದ ಮೇಲಿತ್ತು.

"ಸಾಕು ಬಿಡೋ, ಮಗೂಗೆ ಸ್ನಾನ ಮಾಡಿಸಿದ ಹಾಗೆ ತೊಳೀತಿದ್ದೀಯ," ಎಂದ ಟಿಂಕರ್. ಪಕ್ಕದ ಶೆಡ್ಡಿನಲ್ಲಿ ನಗ್ಗಿದ ಬಾಗಿಲುಗಳನ್ನು ಬಡಿದು ನೆಟ್ಟಗೆ ಮಾಡುವವನು. ಸುತ್ತಿಗೆಯ ಸದ್ದಿಗೆ ಅರ್ಧ ಕಿವುಡನಾಗಿ ಗುಟ್ಟನ್ನೂ ಕೂಗಿಯೇ ಹೇಳುತ್ತಿದ್ದ. ಗಾಡಿಯ ಒಡೆಯನ ಕಡೆ ತಿರುಗಿ, "ಏನಪ್ಪಾ ನೀರಿನವನೇ, ಇವತ್ತಾದ್ರೂ ಗುಡ್ಡ ಹತ್ತುತ್ತೆ ತಾನೆ? ನಡುದಾರೀಲಿ ಕೈಕೊಟ್ರೆ ಮೇಸ್ತ್ರಿ ಎದ್ದು ಬಾನೆಟ್ ತೆಗೀತಾನೆ, ನೋಡ್ಕೋ."

ನೀರಿನವನು ನಗಲು ಹೋಗಿ ಅತ್ತುಬಿಟ್ಟ. ಗುಡ್ಡದ ಮೇಲಿನ ಮನೆಗಳಿಗೆ ಕುಡಿಯುವ ನೀರಿನ ಕ್ಯಾನು ಹಾಕುವುದು ಅವನ ಕಸುಬು. ಅಣ್ಣನನ್ನು ತನ್ನ ಗಾಡಿಯಲ್ಲೇ ಒಯ್ಯಬೇಕೆಂದು ಹಟ ಹಿಡಿದು ಬಂದಿದ್ದ.

"ಮೂರು ತಿಂಗಳಿಂದ ಕುದುರೆ ಥರ ಹತ್ತುತ್ತೆ. ಅದೇ ನನ್ನ ಹೊಟ್ಟೆ ಉರಿಸೋದು. ಅವರು ಏಳು ತಿಂಗಳು ಜೀವ ತೇದಾಗ ಹತ್ತಲಿಲ್ಲ. ಸ್ಪಾನರ್ ಕೆಳಗಿಟ್ಟು ಹತ್ತು ದಿನಕ್ಕೇ ಸರಿಹೋಯ್ತು." ಅವನು ಚಿಕ್ಕ ಮೇಸ್ತ್ರಿಯನ್ನು ನೋಡಿದ. "ಏನಾಗಿತ್ತು ಅಂತ ನೀನೂ ಬಾಯಿ ಬಿಡಲಿಲ್ಲ."

"ಬಿಡೋಕೆ ಏನಿತ್ತು," ಎಂದು ಚಿಕ್ಕ ಮೇಸ್ತ್ರಿ ಪೊರಕೆಯ ನೀರು ಝಾಡಿಸಿದ.

*

ತಮ್ಮ ಚಿಕ್ಕ ಮೇಸ್ತ್ರಿಯಾದರೆ, ಅಣ್ಣನನ್ನು ಎಲ್ಲರೂ ಕಿವಿ ಮೇಸ್ತ್ರಿ ಎನ್ನುತ್ತಿದ್ದರು. ಓಡುತ್ತಿರುವ ಇಂಜಿನ್ನಿಗೆ ಉದ್ದನೆಯ ಸ್ಕ್ರೂ ಡ್ರೈವರಿನ ತುದಿ ಒತ್ತಿ, ಹಿಡಿಗೆ ಕಿವಿ ಕೊಟ್ಟು, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಕಣ್ಣು ತೆರೆದಾಗ ರೋಗ ಯಾವುದೆಂದು ಹೇಳುತ್ತಿದ್ದ.

ಆ ಪಿಕಪ್ಪಿಗೆ ಟರ್ಬೊ ಇತ್ತು. ಇಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಣ್ಣ ಚಕ್ರ ಅದು. ಬಿಸಿಯಾದ ಆ ಗಾಳಿ ಪೈಪಿನಲ್ಲಿ ಹೋಗಿ, ಕೂಲರಿನಲ್ಲಿ ತಣಿದು ಇಂಜಿನ್ನಿಗೆ ಸೇರುತ್ತಿತ್ತು. ಎಣ್ಣೆ ಜಿನುಗುತ್ತಿದೆ ಎಂದು ಬಂದ ಗಾಡಿಯನ್ನು ರಿಪೇರಿ ಮಾಡಿ ಕಳಿಸಿದ್ದರು. ವಾರದಲ್ಲೇ ಅದು ಹಿಂದಿರುಗಿತು. ಸಮತಟ್ಟಿನಲ್ಲಿ ಲಕ್ಷಣವಾಗಿ ಓಡುತ್ತದೆ. ಕ್ಯಾನು ತುಂಬಿಕೊಂಡು ಗುಡ್ಡ ಹತ್ತಿದರೆ ಕಪ್ಪು ಹೊಗೆ ಕಾರುತ್ತ ಏದುಸಿರು ಬಿಡುತ್ತದೆ. ಆಫ್ ಮಾಡಿ ಹತ್ತು ನಿಮಿಷ ಬಿಟ್ಟರೆ ಏನೂ ಆಗಿಯೇ ಇಲ್ಲವೆಂಬಂತೆ ಹೊರಡುತ್ತದೆ.

"ಉಸಿರು ಕಟ್ತಿದೆ ಕಣೋ ಇದಕ್ಕೆ," ಎಂದಿದ್ದ ಅಣ್ಣ, ಮೊದಲ ದಿನವೇ. "ಗಾಳಿ ಎಲ್ಲೋ ಸಿಕ್ಕಿಹಾಕ್ಕೊಳ್ತಿದೆ."

ಆಮೇಲೆ ತನ್ನ ಪದ್ಧತಿಯಂತೆ ಒಂದೊಂದಾಗಿ ಹುಡುಕಿದ. ಒಂದು ಸಲಕ್ಕೆ ಒಂದೇ ಬದಲಾಯಿಸಬೇಕು, ಗುಡ್ಡ ಹತ್ತಿಸಿ ನೋಡಬೇಕು, ಆಮೇಲೆ ಮುಂದಿನದು. "ಎರಡು ಒಟ್ಟಿಗೆ ಬದಲಾಯಿಸಿದ್ರೆ ಯಾವುದು ಸರಿಮಾಡ್ತು ಅಂತ ಯಾರಪ್ಪನಿಗೆ ಗೊತ್ತಾಗುತ್ತೆ?" ಡೀಸೆಲ್ ಫಿಲ್ಟರ್ ಆಯಿತು. ಗಾಳಿಯ ಒತ್ತಡ ಅಳೆಯುವ ಸೆನ್ಸರ್ ಆಯಿತು. ಟರ್ಬೊವನ್ನೇ ಇಳಿಸಿ, ಅದರ ರೆಕ್ಕೆಗಳನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದಿದ್ದೂ ಆಯಿತು. ಪ್ರತಿ ಸಲವೂ ಕ್ಯಾನುಗಳ ನಡುವೆ ಕೂತು, ಗಾಡಿಯ ತಗಡಿಗೆ ಕಿವಿ ಒತ್ತಿ ಗುಡ್ಡ ಹತ್ತುತ್ತಿದ್ದ. ಎರಡು ದಿನ ಸರಿಯಿರುತ್ತಿತ್ತು. ಮೂರನೆಯ ದಿನ ನೀರಿನವನ ಫೋನು ಬರುತ್ತಿತ್ತು.

ಎರಡನೆಯ ತಿಂಗಳಲ್ಲಿ ಒಂದು ಮಧ್ಯಾಹ್ನ ಅಣ್ಣ ಕೇಳಿದ್ದ: "ಟರ್ಬೊದಿಂದ ಕೂಲರಿಗೆ ಹೋಗೋ ಪೈಪು ಬಿಚ್ಚಿ ನೋಡಿದ್ಯಾ?"

"ನೋಡಿದೆ ಅಣ್ಣಾ."

ಚಿಕ್ಕ ಮೇಸ್ತ್ರಿ ನೋಡಿರಲಿಲ್ಲ. ಆ ಪೈಪು ಬಂಪರಿನ ಹಿಂದೆ, ಕೈ ತೂರದ ಜಾಗದಲ್ಲಿತ್ತು. ಎಣ್ಣೆ ಜಿನುಗುತ್ತಿದ್ದಾಗ ತಾನೇ ಅದನ್ನು ಬಿಚ್ಚಿ ಕೂರಿಸಿದ್ದ. ಅದರಲ್ಲಿ ಮತ್ತೆ ನೋಡುವುದೇನಿದೆ ಅನ್ನಿಸಿತ್ತು. ಹೊಟ್ಟೆಯೂ ಹಸಿದಿತ್ತು.

"ಸರಿ, ನೀನು ನೋಡಿದ್ಮೇಲೆ ನಾನು ನೋಡೋದೇನಿದೆ," ಎಂದು ಅಣ್ಣ ಮುಂದಿನದಕ್ಕೆ ಹೋದ.

ಏಳನೆಯ ತಿಂಗಳಲ್ಲಿ ನೀರಿನವನು ಬೇಸತ್ತು ಹೇಳಿದ: "ಮೇಸ್ತ್ರೀ, ಬೇಜಾರು ಮಾಡ್ಕೋಬೇಡಿ. ಬೇರೆಯವರಿಗೆ ಒಂದ್ಸಲ ತೋರಿಸ್ತೀನಿ." ಅಣ್ಣ ಬೇಜಾರು ಮಾಡಿಕೊಳ್ಳಲಿಲ್ಲ. ಕೈ ತೊಳೆದು, ಸ್ಕ್ರೂ ಡ್ರೈವರನ್ನು ಒರೆಸಿ ತಮ್ಮನ ಕೈಗೆ ಕೊಟ್ಟ. "ನನ್ನ ಕಿವಿ ಹೋಯ್ತು ಕಣೋ. ಇನ್ನು ನೀನು ನೋಡ್ಕೋ," ಎಂದ. ಮಾರನೆಯ ದಿನದಿಂದ ಗ್ಯಾರೇಜಿಗೆ ಬರಲಿಲ್ಲ.

*

ಅತ್ತಿಗೆ ಅಣ್ಣನ ಪಕ್ಕ ಕೂತು, ಕೊಬ್ಬರಿಎಣ್ಣೆಯಲ್ಲಿ ಅದ್ದಿದ ಕಡ್ಡಿಯಿಂದ ಅವನ ಉಗುರಿನ ಸಂದಿಯ ಕಪ್ಪನ್ನು ತೆಗೆಯುತ್ತಿದ್ದಳು. ಚಿಕ್ಕ ಮೇಸ್ತ್ರಿ ಒಳಗೆ ಬಂದು ಕಾಲ ಬಳಿ ನಿಂತ. ಬಾಗಿಲಲ್ಲಿ ಟಿಂಕರ್ ಮತ್ತು ನೀರಿನವನು.

"ಗಾಡಿ ರೆಡಿ ಇದೆ ಅತ್ತಿಗೆ."

"ಇದು ಹೋಗಲ್ಲ ನೋಡು," ಎಂದಳು ಅತ್ತಿಗೆ, ತಲೆಯೆತ್ತದೆ. "ಮದುವೆ ದಿನಾನೂ ಹೀಗೇ ಇತ್ತು. ನಮ್ಮಮ್ಮ ಇದನ್ನ ನೋಡಿ, ಹುಡುಗ ಇದ್ದಿಲು ವ್ಯಾಪಾರಾನಾ ಅಂತ ಕೇಳಿದ್ರು." ಕಡ್ಡಿ ಕೆಳಗಿಟ್ಟಳು. "ಒಂದು ಕೇಳ್ತೀನಿ, ಹೇಳು. ಆ ಗಾಡಿಗೆ ಏನಾಗಿತ್ತು?"

"ಏನಿಲ್ಲ ಅತ್ತಿಗೆ, ಅದು ತಾನಾಗೇ—"

"ಆ ಮಾತು ಅವರ ಹತ್ರ ನಡೀಲಿಲ್ಲ, ನನ್ನ ಹತ್ರಾನೂ ಬೇಡ. ಮೂರು ತಿಂಗಳು ನಾನು ಸಂಸಾರ ಮಾಡಿದ್ದು ಆ ಗಾಡಿ ಜೊತೆ. ಊಟಕ್ಕೆ ಕೂತ್ರೆ ಸೆನ್ಸರು, ಟೀ ಕೊಟ್ರೆ ಫಿಲ್ಟರು. ನಿನ್ನೆ ಸಂಜೆನೂ ಅದೇ." ಅವಳ ದನಿ ಏರಲಿಲ್ಲ. "ನಿಂಗೆ ಗೊತ್ತಿದೆ. ನಿನ್ನ ಮುಖ ನೋಡಿದ್ರೇ ಗೊತ್ತಾಗುತ್ತೆ. ಎತ್ತೋಕೆ ಮುಂಚೆ ಅವರ ಕಿವೀಲಿ ಹೇಳಿಬಿಡು. ಗೊತ್ತಾಗದೇ ಹೋಗೋದು ಬೇಡಪ್ಪ ಅವರು."

ಟಿಂಕರ್ ಏನೋ ಅನ್ನಲು ಹೋದ. ನೀರಿನವನು ಅವನ ಮೊಣಕೈ ಹಿಡಿದ.

*

ಅಣ್ಣ ಮನೆ ಹಿಡಿದು ಹತ್ತು ದಿನಕ್ಕೆ, ಬೇರೆ ಯಾರಿಂದಲೂ ಆಗದೆ, ಗಾಡಿ ಮತ್ತೆ ಗ್ಯಾರೇಜಿಗೇ ಬಂದಿತ್ತು. ಮಾಡಲು ಬೇರೇನೂ ಉಳಿದಿಲ್ಲವೆಂದು ಚಿಕ್ಕ ಮೇಸ್ತ್ರಿ ಬಂಪರ್ ಇಳಿಸಿ ಆ ಪೈಪನ್ನು ಬಿಚ್ಚಿದ. ತಿರುವಿನಲ್ಲಿ ಬೆರಳಿಗೆ ಏನೋ ಮೆತ್ತಗೆ ತಾಗಿತು. ಎಳೆದ. ಎಣ್ಣೆಯಲ್ಲಿ ನೆನೆದು ಕಪ್ಪಾದ ಬಟ್ಟೆ. ಹಿಂಡಿದಾಗ ನೀಲಿ ಗೆರೆ ಕಂಡಿತು.

ಪೈಪು ಬಿಚ್ಚಿದರೆ ತಕ್ಷಣ ಅದರ ಬಾಯಿಗೆ ಬಟ್ಟೆ ತುರುಕಬೇಕು, ಇಲ್ಲದಿದ್ದರೆ ನಟ್ಟು ಬೋಲ್ಟು ಒಳಗೆ ಬಿದ್ದೀತು ಎಂಬುದು ಅಣ್ಣನ ಕಟ್ಟಪ್ಪಣೆ. ಅದಕ್ಕೆಂದೇ ಹಳೆಯ ಬಿಳಿ ದುಪ್ಪಟಿಯನ್ನು ಮೊಳದುದ್ದ ಹರಿದಿಡುತ್ತಿದ್ದ. ಬಾಲ ಹೊರಗೆ ನೇತಾಡುತ್ತಿರಬೇಕು, ಮರೆತರೂ ಕಣ್ಣಿಗೆ ಬೀಳಬೇಕು. ಎಣ್ಣೆ ಜಿನುಗುವುದನ್ನು ಸರಿಮಾಡಿದ ದಿನ ದುಪ್ಪಟಿಯ ತುಂಡು ಕೈಗೆ ಸಿಕ್ಕಿರಲಿಲ್ಲ. ಚಿಕ್ಕ ಮೇಸ್ತ್ರಿ ನೀಲಿ ಗೆರೆಯ ತನ್ನ ಹರಕು ಅಂಗಿಯ ತೋಳನ್ನೇ ಕಿತ್ತು ಹೆಬ್ಬೆರಳಿನಿಂದ ಒತ್ತಿ ತುರುಕಿದ್ದ. ಬಾಲ ಇರಲಿಲ್ಲ.

ಏರಿನಲ್ಲಿ ಟರ್ಬೊ ಜೋರಾಗಿ ಊದಿದಾಗ ಆ ಬಟ್ಟೆ ಕೆಲವೊಮ್ಮೆ ಹಾರಿಹೋಗಿ ಕೂಲರಿನ ಬಾಯಿಗೆ ಅಂಟಿಕೊಳ್ಳುತ್ತಿತ್ತು. ಇಂಜಿನ್ ನಿಂತಾಗ ಮೆಲ್ಲಗೆ ತಿರುವಿಗೆ ಜಾರಿ ಬೀಳುತ್ತಿತ್ತು. ಅಷ್ಟೇ.

ಅವನು ಅದನ್ನು ಸುಟ್ಟುಹಾಕಿದ. ಸಂಜೆ ಅಣ್ಣ ಕೇಳಿದಾಗ, "ತಾನಾಗೇ ಸರಿಹೋಯ್ತು," ಎಂದ.

"ಇಂಜಿನ್ನಿಗೆ ತಾನಾಗೇ ಅನ್ನೋದಿಲ್ಲ ಕಣೋ," ಎಂದ ಅಣ್ಣ. ಅಂದಿನಿಂದ ದಿನವೂ ಮೊದಲಿನಿಂದ ಶುರುಮಾಡುತ್ತಿದ್ದ. ಫಿಲ್ಟರ್ ಅಂದು ಒಂದು ಬೆರಳು ಮಡಚುವನು, ಸೆನ್ಸರ್ ಅಂದು ಇನ್ನೊಂದು. ಪೈಪಿಗೆ ಬಂದಾಗ, "ಅದು ನೀನು ನೋಡಿದ್ದೀಯ," ಎಂದು ಆ ಬೆರಳನ್ನೂ ಮಡಚಿ ಮುಂದೆ ಹೋಗುವನು. ತಮ್ಮ ಎದುರಿಗೆ ಕೂತು ತಲೆಯಾಡಿಸುವನು. ಇವತ್ತು ಬೇಡ, ನಾಳೆ ಹೇಳೋಣ ಅಂದುಕೊಳ್ಳುವನು.

*

ಚಿಕ್ಕ ಮೇಸ್ತ್ರಿ ಮಂಡಿಯೂರಿ ಅಣ್ಣನ ಕಿವಿಯ ಬಳಿ ಬಾಗಿದ. ಕಿವಿ ತಣ್ಣಗಿತ್ತು.

"ಜೋರಾಗಿ ಹೇಳು, ನಂಗೂ ಕೇಳಲಿ," ಎಂದಳು ಅತ್ತಿಗೆ.

"ಅಣ್ಣಾ," ಎಂದ. "ಪೈಪಲ್ಲಿ ಬಟ್ಟೆ ಇತ್ತು ಅಣ್ಣಾ. ಕೂಲರಿಗೆ ಹೋಗೋ ಪೈಪಲ್ಲಿ. ಏರಲ್ಲಿ ಗಾಳಿ ಜೊತೆ ಹೋಗಿ ಬಾಯಿ ಮುಚ್ಕೊಳ್ತಿತ್ತು. ಆಫ್ ಮಾಡಿದ್ರೆ ಬೀಳ್ತಿತ್ತು. ನೀನು ಮೊದಲ ದಿನಾನೇ ಹೇಳಿದ್ದೆ, ಉಸಿರು ಕಟ್ತಿದೆ ಅಂತ. ನಿನ್ನ ಕಿವಿ ಎಲ್ಲೂ ಹೋಗಿರಲಿಲ್ಲ."

ಇನ್ನು ಒಂದೇ ಒಂದು ಮಾತು ಉಳಿದಿತ್ತು. ಅದು ನಾಲಿಗೆಯ ತುದಿಗೂ ಬಂದಿತ್ತು.

"ಬಟ್ಟೇನಾ!" ಎಂದ ನೀರಿನವನು. "ಅಯ್ಯೋ ದೇವರೇ. ಯಾವನು ಬಿಟ್ಟಿದ್ದು ಅದನ್ನ?"

ಅತ್ತಿಗೆ ಗಂಡನ ಮುಖವನ್ನೇ ನೋಡುತ್ತಿದ್ದಳು.

"ಇನ್ಯಾರು ಬಿಡ್ತಾರೆ," ಎಂದಳು ಕೊನೆಗೆ, ಮೆಲ್ಲಗೆ. "ಬಟ್ಟೆ ತುರುಕೋ ಅಭ್ಯಾಸ ಇವರದ್ದೇ ಅಲ್ವಾ. ವಯಸ್ಸಾಗಿತ್ತು, ಮರೆತಿದ್ದಾರೆ. ತಾವೇ ಬಿಟ್ಟು ತಾವೇ ಹುಡುಕಿದ್ದಾರೆ." ಬಾಗಿಲ ಕಡೆ ತಿರುಗಿದಳು. "ನಿಮ್ಮಿಬ್ಬರಿಗೂ ಕೈಮುಗೀತೀನಿ. ಹೊರಗೆ ಎಲ್ಲೂ ಆಡ್ಬೇಡಿ."

"ನಮ್ಮ ಬಾಯಿಂದ ಬರುತ್ತಾ ತಾಯಿ," ಎಂದ ಟಿಂಕರ್, ಅಂದು ಮೊದಲ ಬಾರಿಗೆ ದನಿ ತಗ್ಗಿಸಿ.

ಅತ್ತಿಗೆ ಮೈದುನನ ತಲೆಯ ಮೇಲೆ ಕೈಯಿಟ್ಟಳು. "ಅದಕ್ಕೇ ಮುಚ್ಚಿಟ್ಟಿದ್ದೆ ಅಲ್ವಾ ನೀನು? ಗೊತ್ತಾದ್ರೆ ನೊಂದ್ಕೋತಾರೆ ಅಂತ. ನಾನು ನೋಡಿದ್ರೆ ನಿನ್ನ ಮೇಲೇ ಏನೇನೋ ಅಂದ್ಕೊಂಡಿದ್ದೆ." ಕೈ ತೆಗೆದು ಹಿಂದಕ್ಕೆ ಸರಿದಳು. "ಏಳು. ತಲೆ ಕಡೆ ನೀನೇ ಹಿಡಿ. ಬೇರೆ ಯಾರೂ ಬೇಡ."

ಅವನು ಎದ್ದ. ಅಣ್ಣನ ಕಂಕುಳಿಗೆ ಎರಡೂ ಕೈ ಕೊಟ್ಟು ಎತ್ತಿದ. ಕಾಲ ಕಡೆ ನೀರಿನವನು ಹಿಡಿದ. ಬಾಗಿಲು ಕಿರಿದಾಗಿತ್ತು; ಅಡ್ಡಡ್ಡವಾಗಿ, ಒಂದೊಂದೇ ಹೆಜ್ಜೆ ಇಡಬೇಕಾಯಿತು. ಪ್ರತಿ ಹೆಜ್ಜೆಗೂ ಅಣ್ಣನ ತಲೆ ಹೊರಳಿ ಅವನ ಎದೆಗೆ ಒರಗುತ್ತಿತ್ತು, ಏನೋ ಕೇಳಿಸಿಕೊಳ್ಳುವವನಂತೆ.

ಆ ಬಟ್ಟೆ ತನ್ನ ಅಂಗಿಯದು ಎಂದು ಅವನು ಹೇಳಲಿಲ್ಲ. ಅಂದೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.