ಎಡಗೈಯ ಎರಡು ಬಡಿತ

ನಾನು ಒಂದು ಹೆಲ್ಮೆಟ್ಟು. ಸ್ಕೂಟರಿನದಲ್ಲ, ಮತ್ತೆ ಹಾಗೆ ತಿಳಿದುಕೊಂಡು ನನ್ನ ಮರ್ಯಾದೆ ಕಳೆಯಬೇಡಿ. ನಾನು ಬಾಹ್ಯಾಕಾಶಕ್ಕೆ ಹೋಗಿಬಂದವನು. ನಿಜ ಹೇಳಬೇಕೆಂದರೆ ಮೈಸೂರಿನ ಹೊರಗೆ ಮುಚ್ಚಿಹೋದ ಒಂದು ರೇಷ್ಮೆ ಕಾರ್ಖಾನೆಯ ಷೆಡ್ಡು ಬಿಟ್ಟು ಎಲ್ಲಿಗೂ ಹೋದವನಲ್ಲ. ಆದರೆ ಶನಿವಾರ ಸಂಜೆ ಏಳಕ್ಕೆ ಟೀವಿ ಮುಂದೆ ಕೂತು 'ದೂರದ ಕಕ್ಷೆ' ಧಾರಾವಾಹಿ ನೋಡಿದವರನ್ನು ಕೇಳಿ. ಗುರುಗ್ರಹದ ಆಚೆಗೂ ನಾನು ಹೋಗಿದ್ದೇನೆಂದು ಆಣೆ ಮಾಡಿ ಹೇಳುತ್ತಾರೆ.

ನಾನು ಹುಟ್ಟಿದ್ದು ದಸರಾ ಮೆರವಣಿಗೆಯ ಸ್ತಬ್ಧಚಿತ್ರಗಳಿಗೆ ಆನೆ, ಹುಲಿ ಮಾಡಿಕೊಡುತ್ತಿದ್ದ ಒಬ್ಬ ಶಿಲ್ಪಿಯ ಅಂಗಳದಲ್ಲಿ. ಪ್ಲಾಸ್ಟರಿನ ಅಚ್ಚಿನ ಮೇಲೆ ಫೈಬರ್ ಬಟ್ಟೆ ಹಾಸಿ, ಅಂಟು ಬಳಿದು, ಪದರದ ಮೇಲೆ ಪದರ ಕೂರಿಸಿ ಎರಡು ದಿನ ಬಿಸಿಲಿಗಿಟ್ಟರು. ಅಚ್ಚಿನಿಂದ ಬಿಡಿಸಿ ಎರಡು ಹೋಳು ಜೋಡಿಸಿದಾಗ ನಾನು ದುಂಡಗೆ, ಬೂದು ಬಣ್ಣಕ್ಕೆ ಇದ್ದೆ. ನನ್ನನ್ನು ಒಯ್ಯಲು ಬಂದವನು ಧಾರಾವಾಹಿಯ ವಸ್ತ್ರ ವಿಭಾಗದ ಚೌಡಪ್ಪ. ತಿರುಗಿಸಿ ಮುರುಗಿಸಿ ನೋಡಿ, "ಅಯ್ಯೋ ಶಿವನೆ, ಬೂದುಗುಂಬಳಕಾಯಿ ಇದ್ದಂಗದಲ್ಲ ಇದು! ತಲೆಗೆ ಹಾಕ್ಕಳದಾ, ಇಲ್ಲ ಅಮಾಸೆ ದಿನ ಬಾಗಿಲಲ್ಲಿ ಒಡೆಯದಾ?" ಅಂದ. ಅಂಗಳದಲ್ಲಿದ್ದವರೆಲ್ಲ ನಕ್ಕರು. ಆಗಷ್ಟೇ ಅಚ್ಚು ಬಿಟ್ಟ ನನಗೆ ಆ ಮಾತು ಚುರುಕ್ಕೆಂದಿತು, ಇವತ್ತಿಗೂ ಮರೆತಿಲ್ಲ.

ಚೌಡಪ್ಪನೇ ನನಗೆ ಬೆಳ್ಳಿ ಬಣ್ಣ ಬಳಿದ. ಮುಂದೆ ಕಂದು ಬಣ್ಣದ ಪಾರದರ್ಶಕ ಹಾಳೆ ಕೂರಿಸಿದ. ಸೆಟ್ಟಿನ ಹೊಗೆ ಒಳಗೆ ನುಗ್ಗದಿರಲೆಂದು ಕತ್ತಿಗೆ ರಬ್ಬರಿನ ಬಳೆ ಹಾಕಿದ. ಹಾಗೆ ಹಾಕಿದ ಮೇಲೆ ಒಳಗಿರುವವನು ಉಸಿರಾಡುವುದು ಹೇಗೆ? ಅದಕ್ಕೆ ನನ್ನ ಹಿಂಭಾಗದಲ್ಲಿ ಆರು ತೂತು ಕೊರೆದು, ಹಳೆ ಕಂಪ್ಯೂಟರಿನ ಪುಟ್ಟ ಫ್ಯಾನೊಂದನ್ನು ಒಳಗೆ ಕೂರಿಸಿದ. ಅದು ಗುಂಯ್ ಎನ್ನುತ್ತಿದ್ದರೆ ನನ್ನ ಜೀವ ತಣ್ಣಗೆ.

ನನ್ನೊಳಗೆ ತಲೆ ತೂರಿಸಿದವನು ಕೋದಂಡರಾಮು. ಧಾರಾವಾಹಿಯ ನಾಯಕ, ಕ್ಯಾಪ್ಟನ್ ವಿಭು. ಆಗ ಅವನಿಗೆ ನಲವತ್ತೂ ಆಗಿರಲಿಲ್ಲ. ಹೊರಗೆ ಸಿಡುಕು ಮೋರೆ, ಒಳಗೆ ಹೆದರುಪುಕ್ಕ. ಅದು ನನಗೊಬ್ಬನಿಗೇ ಗೊತ್ತಿತ್ತು, ಯಾಕೆಂದರೆ ಪ್ರತಿ ಶಾಟಿಗೂ ಮೊದಲು ಅವನು ಹಲ್ಲು ಕಚ್ಚಿಕೊಂಡು ದೇವರ ಹೆಸರು ಹೇಳುತ್ತಿದ್ದುದು ನನ್ನ ಗೋಡೆಗೆ ಮಾತ್ರ ಕೇಳುತ್ತಿತ್ತು.

ಮೂರನೇ ಕಂತಿನಲ್ಲಿ ಫ್ಯಾನಿನ ತಂತಿ ಕಳಚಿಕೊಂಡಿತು. ಮಾತೆಲ್ಲ ಆಮೇಲೆ ಡಬ್ಬಿಂಗಿನಲ್ಲಿ ಸೇರಿಸುವ ಪದ್ಧತಿ ಆದ್ದರಿಂದ ಅವನು ಒಳಗೆ ಕೂಗಿದರೂ ಕೇಳುವವರಿಲ್ಲ. ಗಾಬರಿಯಲ್ಲಿ ನನ್ನ ಹಣೆಗೆ ಎರಡು ಸಲ ಟಕ್ ಟಕ್ ಎಂದು ಬಡಿದ. ಚೌಡಪ್ಪ ಓಡಿಬಂದು ನನ್ನನ್ನು ಕಿತ್ತು, "ಉಸಿರು ಬತ್ತಾ ಅದಾ?" ಎಂದು ಕೇಳಿದ. ಅವನು ತಲೆಯಾಡಿಸಿದ. ಅಷ್ಟೇ ಆಗಿದ್ದು. ಆದರೆ ಕ್ಯಾಮೆರಾ ತಿರುಗುತ್ತಿತ್ತಲ್ಲ! ಆ ಬಡಿತ ನಿರ್ದೇಶಕರಿಗೆ ಹಿಡಿಸಿಬಿಟ್ಟಿತು. "ಇದೇ ಕ್ಯಾಪ್ಟನ್ ವಿಭುವಿನ ಸಲಾಮು" ಎಂದರು. ತಿಂಗಳೊಳಗೆ ಶಾಲೆಯ ಮಕ್ಕಳು, ಆಟೋದವರು, ಮದುವೆ ಮನೆಯ ಗಂಡು ಕೂಡ ಹಣೆಗೆ ಎರಡು ಸಲ ಬಡಿದುಕೊಳ್ಳತೊಡಗಿದರು.

ಚೌಡಪ್ಪ ಮಾತ್ರ ನಗಲಿಲ್ಲ. "ಸಲಾಮು ಅಂತ ಎಲ್ರೂ ಚಪ್ಪಾಳೆ ಹೊಡೀತಾ ನಿಂತ್ರೆ, ನಿಜವಾಗ್ಲೂ ಉಸಿರು ಕಟ್ಟಿದ್ ದಿನ ನಂಗೆ ಗೊತ್ತಾಗದೆಂಗೆ?" ಎಂದ. ಆಮೇಲೆ ಇಬ್ಬರೂ ಸೇರಿ ಒಂದು ಗುಟ್ಟು ಮಾಡಿಕೊಂಡರು. ಬಲಗೈಯಲ್ಲಿ ಬಡಿದರೆ ಸಲಾಮು. ಎಡಗೈಯಲ್ಲಿ ಬಡಿದರೆ ಉಸಿರಿಲ್ಲ, ಓಡಿ ಬಾ ಎಂದರ್ಥ. ಎಂಟು ವರ್ಷದಲ್ಲಿ ನಾಲ್ಕು ಸಲ ಎಡಗೈ ಎದ್ದಿತು, ನಾಲ್ಕು ಸಲವೂ ಚೌಡಪ್ಪ ಕಣ್ಣು ಮಿಟುಕಿಸುವಷ್ಟರಲ್ಲಿ ಹಾಜರು.

ಅಣ್ಣತಮ್ಮಂದಿರೂ ಹಾಗಿರುವುದಿಲ್ಲ. ಒಂದೇ ಡಬ್ಬಿಯಲ್ಲಿ ಊಟ. ಅವನು "ಚೌಡಣ್ಣಾ" ಎಂದರೆ ಇವನು "ಏನ್ಲಾ ಕೋದಂಡ" ಎನ್ನುತ್ತಿದ್ದ.

ಅಂಥ ಕೋದಂಡ ಒಂದು ದಿನ ಮಧ್ಯಾಹ್ನ ಊಟಕ್ಕೆಂದು ಹೋದವನು ಬರಲೇ ಇಲ್ಲ. ಚೌಡಪ್ಪ ನನ್ನ ಒಳಮೈ ಒರೆಸಿ, ತೊಡೆಯ ಮೇಲಿಟ್ಟುಕೊಂಡು ಸಂಜೆಯವರೆಗೆ ಕಾದ. ಆಮೇಲೆ ಯಾರೋ ಬಂದು ಹೇಳಿದರು: ಕೋದಂಡನಿಗೆ ಸಿನಿಮಾದಲ್ಲಿ ನಾಯಕನ ಪಾತ್ರ ಸಿಕ್ಕಿದೆಯಂತೆ, ಬಸ್ಸು ಹತ್ತಿದನಂತೆ. ಚೌಡಪ್ಪ ನನ್ನನ್ನು ತೊಡೆಯಿಂದೆತ್ತಿ ಮೇಜಿನ ಮೇಲಿಟ್ಟು ದೀಪ ಆರಿಸಿದ.

ನಾಯಕನೇ ಇಲ್ಲದ ಮೇಲೆ ಕಥೆ ಬರೆಯುವವರು ಏನು ಮಾಡುತ್ತಾರೆ? ಕ್ಯಾಪ್ಟನ್ ವಿಭುವನ್ನು ಸಾಯಿಸಿದರು. ನೌಕೆ ಸಿಡಿದುಹೋಯಿತು, ಭೂಮಿಗೆ ಮರಳಿದ್ದು ಹೆಲ್ಮೆಟ್ಟು ಮಾತ್ರ ಎಂದು ಕಥೆ ಕಟ್ಟಿದರು. ನನ್ನನ್ನು ಕಂಬದ ಮೇಲಿಟ್ಟು ಗಂಧದ ಹಾರ ಹಾಕಿದರು. ನನ್ನೊಳಗಿಂದ ಬೆಳಕು ಬರಬೇಕು ಎಂದರು ನಿರ್ದೇಶಕರು. ಚೌಡಪ್ಪ ಫ್ಯಾನು ಕಿತ್ತೆಸೆದು ಬಲ್ಬು ಕೂರಿಸಿದ. ಬೆಳಕು ಹಿಂದಕ್ಕೆ ಸೋರದಿರಲೆಂದು ಆ ಆರೂ ತೂತಿಗೆ ಮೇಣದಂಥ ಅಂಟು ಮೆತ್ತಿ, ಕಲ್ಲಿನ ಹಾಗೆ ಗಟ್ಟಿಯಾದ ಮೇಲೆ ಬೆಳ್ಳಿ ಬಣ್ಣ ಬಳಿದ. ಒಂದೊಂದು ತೂತು ಮುಚ್ಚುವಾಗಲೂ, "ಹೋಗು, ಹೋಗು ನೀನು" ಎಂದು ಗೊಣಗುತ್ತಿದ್ದ. ಹೊಟ್ಟೆಯ ಸಂಕಟವನ್ನೆಲ್ಲ ನನ್ನ ಬೆನ್ನಿಗೆ ಮೆತ್ತಿಬಿಟ್ಟ.

ಇನ್ನೊಂದು ಸಂಗತಿ ಅವತ್ತು ಅಲ್ಲಿದ್ದವರನ್ನೆಲ್ಲ ಕಾಡಿತು. ನಮ್ಮ ಷೂಟಿಂಗಿನವರಲ್ಲಿ ಒಂದು ಸಂಪ್ರದಾಯವಿದೆ. ಸಾಯುವ ದೃಶ್ಯ ತೆಗೆದರೆ, ಸತ್ತಂತೆ ನಟಿಸಿದವನು ಕೂಡಲೇ ಎದ್ದು ಅದೇ ಕ್ಯಾಮೆರಾ ನೋಡಿ ಒಮ್ಮೆ ನಗಬೇಕು. ಆಮೇಲೆ ಕುಂಬಳಕಾಯಿ ಒಡೆಯಬೇಕು. ಆಗಲೇ ಸುಳ್ಳು ಸಾವು ಸುಳ್ಳಾಗಿ ಉಳಿಯುತ್ತದೆ ಎಂದು ನಂಬಿಕೆ. ಕೋದಂಡನೇ ಊರಲ್ಲಿಲ್ಲ, ನಗುವವರು ಯಾರು? ಕ್ಯಾಮೆರಾದವನು ನನ್ನತ್ತಲೇ ನೋಡುತ್ತ, "ಬಾಕಿ ಉಳ್ಕೊಳ್ತಲ್ಲ ಮಾರಾಯ್ರೆ" ಎಂದು ಲೆನ್ಸಿಗೆ ಮುಚ್ಚಳ ಹಾಕಿದ.

ಹನ್ನೊಂದು ವರ್ಷ ನಾನು ವಸ್ತ್ರದ ಕೋಣೆಯ ಮೇಲಟ್ಟದಲ್ಲಿ ಕೂತೆ. ಹಾರದ ದಾರ ಹರಿದು ಉದುರಿತು. ಹೊಸ ನಾಯಕರು ಬಂದರು, ಹೋದರು. ಕೋದಂಡನ ಸಿನಿಮಾ ಬಂದದ್ದೂ ಹೋದದ್ದೂ ಯಾರಿಗೂ ತಿಳಿಯಲಿಲ್ಲ. ಧಾರಾವಾಹಿಯನ್ನು ನೋಡುವವರೂ ಕಡಿಮೆಯಾದರು. ಆಗ ಹೊಸ ನಿರ್ದೇಶಕಿ ಇಂಚರಾ ಘೋಷಿಸಿದಳು: ಕ್ಯಾಪ್ಟನ್ ವಿಭು ಸತ್ತಿಲ್ಲ, ಹನ್ನೊಂದು ವರ್ಷ ಒಂದು ಗಾಜಿನ ಪೆಟ್ಟಿಗೆಯಲ್ಲಿ ನಿದ್ದೆ ಮಾಡುತ್ತಿದ್ದ. ಈಗ ಏಳುತ್ತಾನೆ.

ಕೋದಂಡ ಬಂದ. ಕೂದಲಿಗೆ ಬಣ್ಣ, ಮುಂದೆ ಹೊಟ್ಟೆ, ಮೆಟ್ಟಿಲು ಹತ್ತಿದರೆ ಏದುಸಿರು. ಸೆಟ್ಟಿನ ಹುಡುಗ ಹುಡುಗಿಯರು ಫೋಟೋ ತೆಗೆಸಿಕೊಂಡು, ಆಮೇಲೆ ಏನು ಮಾತಾಡುವುದೋ ತಿಳಿಯದೆ ಸರಿದು ನಿಂತರು. ಅವನಿಗೆ ಕೂರಲು ಕುರ್ಚಿ ತರಬೇಕೆಂದು ಯಾರಿಗೂ ಹೊಳೆಯಲಿಲ್ಲ. ಅವನು ಸೀದಾ ವಸ್ತ್ರದ ಕೋಣೆಗೆ ಬಂದು ಬಾಗಿಲಲ್ಲಿ ನಿಂತ.

"ಚೌಡಣ್ಣಾ."

"ನಮಸ್ಕಾರ ಸಾರ್. ಹೀಗೆ ನಿಂತ್ಕಳಿ, ಅಳತೆ ತಗೋಬೇಕು."

ಸಾರ್! ಎಂಟು ವರ್ಷದಲ್ಲಿ ಅವನ ಬಾಯಲ್ಲಿ ಆ ಮಾತು ನಾನು ಕೇಳಿರಲಿಲ್ಲ.

"ಚೌಡಣ್ಣ, ಅವತ್ತು ನಾನು..."

"ಕೈ ಎತ್ತಿ ಸಾರ್. ಕಂಕುಳು ಬಿಗಿಯಾಯ್ತದೆ."

ಟೇಪು ಸುತ್ತಿದ, ಬರೆದುಕೊಂಡ, ಒಮ್ಮೆಯೂ ಮುಖ ನೋಡಲಿಲ್ಲ. ಕೋದಂಡ ಹೋದ ಮೇಲೆ ನನ್ನನ್ನು ಇಳಿಸಿ ಬಲ್ಬು ತೆಗೆದು, ಒರೆಸಿ, ಹೊಳಪು ಕೊಟ್ಟ. ಹಿಂದೆ ತಿರುಗಿಸು, ನನ್ನ ಬೆನ್ನು ನೋಡು ಎಂದು ನಾನು ಒಳಗೊಳಗೇ ಬಡಿದುಕೊಂಡೆ. ಬೆನ್ನ ಮೇಲೂ ಅವನ ಬಟ್ಟೆ ಆಡಿತು, ಆದರೆ ಕಣ್ಣು ಎಲ್ಲೋ ಇತ್ತು. ಫ್ಯಾನು ಕಿತ್ತೆಸೆದದ್ದು, ಸಿಟ್ಟಿನಲ್ಲಿ ತೂತಿಗೆ ಅಂಟು ಮೆತ್ತಿದ್ದು ಅವನಿಗೆ ನೆನಪೇ ಉಳಿದಿರಲಿಲ್ಲ. ಕಲಾ ವಿಭಾಗದವರು ಬಂದು, "ಹೆಲ್ಮೆಟ್ ರೆಡಿನಾ?" ಎಂದಾಗ ತಲೆ ಎತ್ತದೆ, "ಅದೆ, ತಗಂಡೋಗಿ" ಎಂದ. ಅವರು ನಾನು ಅಲುಗಾಡದಿರಲೆಂದು ಕೋದಂಡನ ಹೊಸ ಉಡುಪಿನ ಕೊರಳಿಗೆ ನಾಲ್ಕು ಕಡೆ ಸ್ಕ್ರೂ ಹಾಕಿ ಬಿಗಿದರು. ಒಳಗಿದ್ದವನು ತಾನಾಗಿ ಬಿಚ್ಚಿಕೊಳ್ಳುವ ದಾರಿಯೂ ಮುಚ್ಚಿತು.

ಮಧ್ಯಾಹ್ನ ಮೂರು ಗಂಟೆ. ತಗಡಿನ ಷೆಡ್ಡು ಕಾದು ಕೂತಿತ್ತು. ಕೋದಂಡ ಗಾಜಿನ ಪೆಟ್ಟಿಗೆಯೊಳಗೆ ಮಲಗಿದ. ಹೊಗೆ ಯಂತ್ರ ಬುಸ್ಸೆಂದಿತು. ಚೌಡಪ್ಪ ಷೆಡ್ಡಿನ ಮೂಲೆಯಲ್ಲಿ ಬೆನ್ನು ಹಾಕಿ ನಿಂತು ಯಾರದೋ ಕೋಟಿಗೆ ಇಸ್ತ್ರಿ ಉಜ್ಜುತ್ತಿದ್ದ. ಈ ಶಾಟನ್ನು ನೋಡುವುದಿಲ್ಲ ಎಂದು ಬೆಳಗ್ಗೆಯೇ ಎಲ್ಲರಿಗೂ ಸಾರಿಬಿಟ್ಟಿದ್ದ.

ಮೊದಲ ನಿಮಿಷ ಕೋದಂಡ ಹಲ್ಲು ಕಚ್ಚಿ ದೇವರ ಹೆಸರು ಹೇಳಿದ, ಹಳೆಯ ಹಾಗೇ. ಎರಡನೆಯ ನಿಮಿಷ ನನ್ನ ಕಂದು ಹಾಳೆ ಅವನ ಉಸಿರಿಗೆ ಮಂಜಾಯಿತು. ದೀಪದವರು ಏನೋ ಸರಿಯಿಲ್ಲವೆಂದು ಇನ್ನಷ್ಟು ಹೊತ್ತು ಮಲಗಿಸಿದರು. ಬೆವರು ಹನಿ ಹನಿಯಾಗಿ ನನ್ನ ತಳಕ್ಕಿಳಿಯಿತು. ಅವನ ಉಸಿರು ಗಿಡ್ಡವಾಗುತ್ತಾ ಬಂತು. ಹೊರಗಿನ ಗಾಳಿ ನನ್ನ ಬೆನ್ನಿನ ಆರು ತೂತಿನವರೆಗೆ ಬಂದು, ಗಟ್ಟಿ ಅಂಟಿಗೆ ತಾಕಿ ವಾಪಸು ಹೋಗುತ್ತಿತ್ತು. ಉಸಿರು ಕೊಡಬೇಕಾದ ನಾನೇ ಅವನ ಬಾಯಿ ಮುಚ್ಚಿ ಹಿಡಿದಿದ್ದೆ. ಅಂಥ ಗತಿ ಯಾವ ವಸ್ತುವಿಗೂ ಬೇಡ.

"ಆಕ್ಷನ್!" ಎಂದಳು ಇಂಚರಾ. ಪೆಟ್ಟಿಗೆಯ ಮುಚ್ಚಳ ತೆರೆಯಿತು. ಕೋದಂಡ ಎದ್ದು ಕೂತ. ತೂರಾಡಿದ. ಕೈಗವಸಿನ ಕೈ ಎದ್ದು ನನ್ನ ಹಣೆಗೆ ಬಡಿಯಿತು. ಟಕ್, ಟಕ್.

ಷೆಡ್ಡಿಗೆ ಷೆಡ್ಡೇ ಶಿಳ್ಳೆ ಹೊಡೆಯಿತು. ಮೂವತ್ತು ನಲವತ್ತು ಜನ ಚಿಕ್ಕಂದಿನಲ್ಲಿ ನೋಡಿದ ಸಲಾಮು ಅದು, ಕಣ್ಣಲ್ಲಿ ನೀರು ತುಂಬಿ ಚಪ್ಪಾಳೆ ಹೊಡೆದರು. "ಎಡಗೈಯಲ್ಲಿ ಹೊಡೆದ್ರು! ಎಷ್ಟು ಚೆನ್ನಾಗಿದೆ, ಕಟ್ ಮಾಡ್ಬೇಡಿ!" ಎಂದು ಇಂಚರಾ ಪಿಸುಗುಟ್ಟಿದಳು.

ಮೂಲೆಯಲ್ಲಿ ಇಸ್ತ್ರಿ ಒಂದು ಕ್ಷಣ ನಿಂತಿತು. ಚೌಡಪ್ಪ ತಿರುಗಲಿಲ್ಲ. ಸಲಾಮು ಹೊಡೀತಾನೆ, ಹೊಡೀಲಿ ಎಂದುಕೊಂಡಿರಬೇಕು. ಮತ್ತೆ ಉಜ್ಜತೊಡಗಿದ.

ಟಕ್, ಟಕ್. ಈ ಸಲ ಮೆತ್ತಗೆ.

ಕ್ಯಾಪ್ಟನ್ ವಿಭು ಎಂಟು ವರ್ಷದಲ್ಲಿ ಒಂದೇ ಶಾಟಿನಲ್ಲಿ ಎರಡು ಬಾರಿ ಸಲಾಮು ಹೊಡೆದವನಲ್ಲ. ಚೌಡಪ್ಪ ಗಕ್ಕನೆ ತಿರುಗಿದ. ಎಡಗೈ ನನ್ನ ಹಣೆಯಿಂದ ಜಾರಿ ಕೆಳಗೆ ಬೀಳುತ್ತಿತ್ತು.

"ಅಯ್ಯಯ್ಯೋ, ಸಲಾಮಲ್ಲ ಕಣ್ರೋ ಅದು! ಉಸಿರು ಕಟ್ಟದೆ!"

ಅರವತ್ತು ದಾಟಿದವನು, ಮಂಡಿ ನೋವಿನವನು, ಕ್ಯಾಮೆರಾದ ಹಳಿ ಹಾರಿ ಬಂದ. ಸ್ಕ್ರೂಗೆ ಕೈ ಹಾಕಿದ, ಬರಲಿಲ್ಲ. ನನ್ನ ಬೆನ್ನು ತಡವಿದ. ಆರು ಗಂಟುಗಳು ಬೆರಳಿಗೆ ಸಿಕ್ಕವು. ಆಗ ಅವನಿಗೆ ನೆನಪಾಯಿತು. ಅವನ ಮುಖ ಸುಣ್ಣದಂತೆ ಬಿಳಿಚಿದ್ದನ್ನು ನಾನು ಮಾತ್ರ ಹತ್ತಿರದಿಂದ ಕಂಡೆ. ಕೈಯಲ್ಲಿ ಇನ್ನೂ ಇಸ್ತ್ರಿಪೆಟ್ಟಿಗೆ ಇತ್ತು, ವೈರು ಕಿತ್ತು ನೇತಾಡುತ್ತಿತ್ತು. ಅದನ್ನೆತ್ತಿ, ನನ್ನ ನೆತ್ತಿಯ ಜೋಡಣೆಗೆ ಗುರಿಯಿಟ್ಟು ಹೊಡೆದ.

ಮೊದಲ ಏಟಿಗೆ ನಾನು ತಡೆದೆ. ಅದು ನನ್ನ ಗುಣವಲ್ಲ, ದಸರಾ ಶಿಲ್ಪಿಯ ಕೈಗುಣ. ಒಡೆಯಬೇಕು, ಒಡೆದುಬಿಡಬೇಕು ಎಂದು ಜೀವಮಾನದಲ್ಲಿ ಮೊದಲ ಬಾರಿಗೆ ಬಯಸಿದೆ. ಎರಡನೆಯ ಏಟಿಗೆ ಬಿರುಕು. ಮೂರನೆಯದಕ್ಕೆ ಎರಡು ಹೋಳಾದೆ.

ಕೋದಂಡ ನೆಲಕ್ಕೆ ಬಿದ್ದು, ಬಾಯಿ ಅಗಲಿಸಿ ಉಸಿರೆಳೆದುಕೊಂಡ. ಚೌಡಪ್ಪ ಅವನ ತಲೆ ತೊಡೆಯ ಮೇಲಿಟ್ಟುಕೊಂಡ.

"ಉಸಿರು ಬತ್ತಾ ಅದಾ? ಹೇಳ್ಲಾ ಕೋದಂಡ, ಉಸಿರು ಬತ್ತಾ ಅದಾ?"

ಕೋದಂಡ ತಲೆಯಾಡಿಸಿದ. "ನಿಂಗೆ ಹೇಳಿದ್ರೆ... ಹೋಗ್ಬೇಡ ಅಂತಿದ್ದೆ ಚೌಡಣ್ಣ. ನೀನು ಅಂದಿದ್ರೆ... ನಾನು ಹೋಗ್ತಿರ್ಲಿಲ್ಲ. ಅದಕ್ಕೇ ಹೇಳ್ಲಿಲ್ಲ."

"ಬುಡು ಅತ್ಲಾಗೆ," ಎಂದ ಚೌಡಪ್ಪ, ಮೂಗು ಒರೆಸಿಕೊಳ್ಳುತ್ತ. "ಆ ತೂತು ಮುಚ್ಚಿದವನು ನಾನು ಕಣ್ಲಾ. ಈ ಕೈನಲ್ಲೇ ಮುಚ್ಚಿದ್ದು. ಮೊದ್ಲು ನಗು. ಕ್ಯಾಮೆರಾ ನೋಡ್ಕಂಡು ನಗು. ಹನ್ನೊಂದು ವರ್ಸದ್ದು ಬಾಕಿ ಅದೆ."

ಕೋದಂಡ ಕ್ಯಾಮೆರಾ ನೋಡಿದ. ನಗಲು ಹೋಗಿ ಅತ್ತ, ಅಳುತ್ತಾ ಅಳುತ್ತಾ ಕೊನೆಗೆ ನಕ್ಕ. ಯಾರೋ ಕುಂಬಳಕಾಯಿ ತರಲು ಓಡಿದರು. "ಬ್ಯಾಡ," ಎಂದ ಚೌಡಪ್ಪ, ನನ್ನ ಹೋಳುಗಳನ್ನು ನೋಡುತ್ತ. "ಒಡೆದಾಯ್ತು."

ಶಿಲ್ಪಿಯ ಅಂಗಳದಲ್ಲಿ ಅವನು ನನ್ನನ್ನು ಬೂದುಗುಂಬಳಕಾಯಿ ಅಂದದ್ದು ಕೊನೆಗೂ ನಿಜವಾಯಿತು. ಈ ಸಲ ನನಗೆ ಚುಚ್ಚಲಿಲ್ಲ.

ಈಗ ನನ್ನ ಒಂದು ಹೋಳು ಚೌಡಪ್ಪನ ಮೇಜಿನ ಮೇಲೆ ಗುಂಡುಪಿನ್ನು, ಗುಂಡಿ ತುಂಬಿಕೊಂಡು ಕೂತಿದೆ. ಇನ್ನೊಂದು ಎಲ್ಲಿ ಹೋಯಿತೋ ಗೊತ್ತಿಲ್ಲ. ಆ ಶಾಟನ್ನು ಚಾನೆಲ್ಲಿನವರು ಬಿಸಾಡಲಿಲ್ಲ. ಮೊದಲ ಎರಡು ಬಡಿತದವರೆಗೆ ಕತ್ತರಿಸಿ, ಹಿಂದೆ ಸಂಗೀತ ಹಾಕಿ ಪ್ರಸಾರ ಮಾಡಿಯೇಬಿಟ್ಟರು. ಜನ ಮರುಳಾದರು. ಈಗ ಊರ ತುಂಬ ಎಲ್ಲರೂ ಎಡಗೈಯಲ್ಲೇ ಹಣೆಗೆ ಬಡಿದುಕೊಂಡು ನಗುತ್ತಾರೆ. ಕಿಟಕಿಯಲ್ಲಿ ಅದು ಕಂಡಾಗಲೆಲ್ಲ ನನ್ನ ಮೈ ಜುಮ್ಮೆನ್ನುತ್ತದೆ. ಇಷ್ಟು ಜನರಲ್ಲಿ ಯಾರಿಗೆ ನಿಜವಾಗಿ ಉಸಿರು ಕಟ್ಟಿದೆಯೋ, ತಿಳಿಯುವುದು ಹೇಗೆ?

ಕೋದಂಡ ಇನ್ನು ಹೆಲ್ಮೆಟ್ಟು ತೊಡುವುದಿಲ್ಲವೆಂದು ಕರಾರಿನಲ್ಲೇ ಬರೆಸಿಕೊಂಡಿದ್ದಾನೆ. ಬಿಡುವಿದ್ದಾಗ ಇಲ್ಲಿ ಬಂದು ಕೂತು ಊಟದ ಡಬ್ಬಿ ಬಿಚ್ಚುತ್ತಾನೆ. ಕೆಲವೊಮ್ಮೆ ತಮಾಷೆಗೆ ಎಡಗೈಯಿಂದ ನನ್ನ ಅಂಚಿಗೆ ಎರಡು ಸಲ ಬಡಿಯುತ್ತಾನೆ. ತಮಾಷೆಯೆಂದು ಚೌಡಪ್ಪನಿಗೂ ಗೊತ್ತು. ಆದರೂ ಪ್ರತಿ ಸಲ ಅವನ ಕೈಯ ಸೂಜಿ ನಿಲ್ಲುತ್ತದೆ. ತಲೆ ಎತ್ತಿ, ಕೋದಂಡನ ಮುಖವನ್ನೇ ನೋಡುತ್ತಾನೆ. ಅವನ ಎದೆ ಏರಿ ಇಳಿಯುವುದು ಕಂಡ ಮೇಲೆ ಮತ್ತೆ ದಾರ ಪೋಣಿಸುತ್ತಾನೆ.